ಕಡವಿನ ಮುತ್ತ ನೀರಿಗೆ ಹೆದರಲಿಲ್ಲ

ಗಂಗೊಳ್ಳಿಯ ಕಡವಿನಲ್ಲಿ ಈಗ ಒಂದು ಮಾತು ಓಡಾಡುತ್ತಿದೆ. ದೋಣಿಗೆ ಕಾಯುವವರು ಬೀಡಿ ಹಚ್ಚಿಕೊಂಡು ಹೊಸಬರಿಗೆ ಅದನ್ನು ಹೇಳುತ್ತಾರೆ. ಇಲ್ಲಿ ಮುತ್ತ ಎಂಬವನೊಬ್ಬನಿದ್ದ, ಇಪ್ಪತ್ತು ವರ್ಷ ಜನರನ್ನು ಹೊಳೆ ದಾಟಿಸಿದ, ಕಡೆಗೆ ನೀರಿಗೆ ಹೆದರಿ ಸತ್ತ, ಎಂದು. ಕೇಳಿದವರಲ್ಲಿ ಕೆಲವರು ಅಯ್ಯೋ ಎನ್ನುತ್ತಾರೆ, ಕೆಲವರು ನಗುತ್ತಾರೆ.

ಆ ಮಾತು ಹುಟ್ಟಿದ್ದು ನನ್ನ ಬಾಯಿಂದ. ಯಾರೂ ನನ್ನನ್ನು ದೂರಿಲ್ಲ. ಬಹುಶಃ ಯಾರಿಗೂ ಅದು ನೆನಪಿಲ್ಲ. ಆದರೆ ಮುತ್ತ ಹಾಗೆ ಸತ್ತವನಲ್ಲ. ಅವನು ತೀರಿಕೊಂಡು ಮೂರು ತಿಂಗಳಾದ ಮೇಲೆ, ಇದಿಷ್ಟನ್ನಾದರೂ ಸರಿಯಾಗಿ ಬರೆದಿಡೋಣ ಎಂದು ಕುಳಿತಿದ್ದೇನೆ.

ನಾನು ಸಾಸ್ತಾನದವನು, ಹೆಸರು ಮಂಜಯ್ಯ. ಮನೆ ಮಾಡಿದ್ದು ಗಂಗೊಳ್ಳಿಯಲ್ಲಿ, ಮೇಷ್ಟರ ಕೆಲಸ ಹೊಳೆಯಾಚೆ ಕುಂದಾಪುರದಲ್ಲಿ. ಹದಿನಾಲ್ಕು ವರ್ಷ ದಿನಕ್ಕೆರಡು ಸಲ ಮುತ್ತನ ದೋಣಿಯಲ್ಲಿ ಕುಳಿತವನು. ರಜೆ, ಜ್ವರ, ಊರಿಗೆ ಹೋದ ದಿನಗಳನ್ನು ಬಿಟ್ಟರೆ ನನ್ನ ಹೆಂಡತಿಯ ಎದುರು ಕುಳಿತದ್ದಕ್ಕಿಂತ ಹೆಚ್ಚು ಹೊತ್ತು ನಾನು ಅವನ ಎದುರು ಕುಳಿತಿರಬೇಕು. ಅವನಿಗೆ ನನಗಿಂತ ಮೂರು ವರ್ಷ ಕಡಿಮೆ. ಕುಳ್ಳ ಆಳು, ಅಗಲ ಭುಜ, ಎಡಗಣ್ಣು ಬಿಸಿಲಿಗೆ ಕಿರಿದಾಗಿಯೇ ಉಳಿದಿತ್ತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಹುಟ್ಟು ಹಿಡಿದವನು. ಹೆಂಡತಿ ಪದ್ದು ಮೀನು ಮಾರುತ್ತಿದ್ದಳು. ಒಬ್ಬಳೇ ಮಗಳು ಸುಗುಣ, ಅವಳನ್ನು ನಾವುಂದಕ್ಕೆ ಕೊಟ್ಟಾಗಿತ್ತು.

ಪಂಚಗಂಗಾವಳಿ ಸಮುದ್ರ ಸೇರುವ ಜಾಗ ಅದು. ಅಳಿವೆ ಹತ್ತಿರವಾದ್ದರಿಂದ ಹೊಳೆಯ ನೀರು ದಿನಕ್ಕೆ ನಾಲ್ಕು ಸಲ ಬುದ್ಧಿ ಬದಲಾಯಿಸುತ್ತದೆ. ಭರತದಲ್ಲಿ ಒಳಗೆ ನುಗ್ಗುತ್ತದೆ, ಇಳಿತದಲ್ಲಿ ದೋಣಿಯನ್ನು ಕಡಲಿಗೆ ಎಳೆಯುತ್ತದೆ. ಬೇರೆ ದೋಣಿಯವರು ದಡದ ಕಲ್ಲು ನೋಡಿ ಅದನ್ನು ಅಂದಾಜು ಮಾಡುತ್ತಿದ್ದರು. ಮುತ್ತ ಮಾತ್ರ ಬೆಳಗಿನ ಮೊದಲ ದೋಣಿ ಬಿಡುವ ಮುಂಚೆ ಮೊಣಕಾಲುದ್ದ ನೀರಿಗಿಳಿದು ಒಂದು ಬೊಗಸೆ ಎತ್ತಿ ಕಣ್ಣಿಗೆ ಒತ್ತಿಕೊಂಡು, ಉಳಿದದ್ದನ್ನು ಬಾಯಿಗೆ ಹಾಕಿ ನಾಲಿಗೆಯ ಮೇಲೆ ಆಡಿಸುತ್ತಿದ್ದ. ಉಪ್ಪು ಎಷ್ಟು, ಸಿಹಿ ಎಷ್ಟು, ಕೆಸರಿನ ರುಚಿ ಇದೆಯೋ ಇಲ್ಲವೋ ನೋಡಿ, ಇವತ್ತು ನೀರು ಯಾವಾಗ ತಿರುಗುತ್ತದೆ, ದೋಣಿಯ ಮೂತಿಯನ್ನು ಯಾವ ತೆಂಗಿನ ಮರಕ್ಕೆ ಹಿಡಿಯಬೇಕು ಎಂದು ತೀರ್ಮಾನಿಸುತ್ತಿದ್ದ. ಅವನ ಅಪ್ಪನದೂ ಅದೇ ಕ್ರಮವಂತೆ. ಹದಿನಾಲ್ಕು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ದೋಣಿ ಹತ್ತಿದ ಪ್ರತಿಯೊಬ್ಬರನ್ನೂ ಅವನು ಊರು ಕೇಳುತ್ತಿದ್ದ. ಬೊಂಬಾಯಿಯಿಂದ ಟ್ರಂಕು ಹೊತ್ತು ಬಂದವರು, ಬೈಂದೂರಿನಿಂದ ಕೋರ್ಟಿಗೆ ಬಂದವರು, ಬ್ರಹ್ಮಾವರದ ಕಡೆಯ ಮದುಮಕ್ಕಳು, ಎಲ್ಲರ ಊರೂ ಮನೆತನವೂ ಅವನಿಗೆ ಬೇಕು. ದಡ ಮುಟ್ಟುವುದರೊಳಗೆ ಅವರ ಯಾರಾದರೊಬ್ಬ ನೆಂಟ ಇವನಿಗೆ ಗೊತ್ತಿರುವವನಾಗಿರುತ್ತಿದ್ದ. ನನ್ನ ಚೀಲದಲ್ಲಿ ಒಂದು ದಪ್ಪ ಇಂಗ್ಲಿಷ್ ಶಬ್ದಕೋಶ ಇರುತ್ತಿತ್ತು. ಊರು ಬಿಟ್ಟುಹೋದ ಒಬ್ಬ ಬಿಳಿಯ ದೊರೆಯ ಸಾಮಾನು ಹರಾಜಾದಾಗ ಕೊಂಡದ್ದು, ರಟ್ಟು ಕಿತ್ತುಹೋಗಿತ್ತು. ಪ್ರತಿ ಶಬ್ದದ ಕೊನೆಗೆ ಅದು ಗ್ರೀಕಿನದೋ ಲ್ಯಾಟಿನ್ನಿನದೋ, ಮೂಲದಲ್ಲಿ ಏನು ಅರ್ಥ ಎಂದು ಚಿಕ್ಕ ಅಕ್ಷರದಲ್ಲಿ ಕೊಟ್ಟಿರುತ್ತಿದ್ದರು. ಒಂದು ದಿನ ಅದನ್ನು ಮುತ್ತನಿಗೆ ವಿವರಿಸಿದೆ. ಅವನು ಹುಟ್ಟು ನಿಲ್ಲಿಸಿ ನನ್ನನ್ನೇ ನೋಡಿದ. ಮಾತಿಗೂ ಊರು ಇರುತ್ತದೆಂದು ತಿಳಿದ ಸಂತೋಷ ಅದು. ಅಂದಿನಿಂದ ದೋಣಿ ನಡುಹೊಳೆಗೆ ಬಂದ ಕೂಡಲೇ ಶುರು:

"ಹ್ವಾಯ್ ಮಾಷ್ಟ್ರೇ, ಇವತ್ತ್ ಯಾವ್ ಮಾತ್? ಅದ್ರ ಊರ್ ಯಾವ್ದ್?"

ದಿನಕ್ಕೊಂದು ಶಬ್ದದ ಊರು ಹೇಳುವುದು ನನಗೆ ಪಾಠದಷ್ಟೇ ಅಭ್ಯಾಸವಾಯಿತು. ಆಸ್ಪತ್ರೆ ಎಂಬ ಮಾತು ಲ್ಯಾಟಿನ್ನಿನ ಅತಿಥಿ ಎಂಬ ಪದದಿಂದ ಹೊರಟು ಹಡಗು ಹತ್ತಿ ನಮ್ಮ ದಡಕ್ಕೆ ಬಂತು ಎಂದೆ. ಹಾಗಾದರೆ ಬಂದವರಿಗೆ ಅಲ್ಲಿ ಬೆಲ್ಲ ನೀರು ಕೊಡಬೇಕಿತ್ತಲ್ಲ, ತನಗೆ ಕೊಟ್ಟದ್ದು ಬರೀ ಹರಳೆಣ್ಣೆ ಎಂದು ದೋಣಿಯವರನ್ನೆಲ್ಲ ನಗಿಸಿದ. ವ್ಯಾಕ್ಸಿನ್ ಎಂಬುದರಲ್ಲಿರುವುದು ಲ್ಯಾಟಿನ್ನಿನ ಹಸು ಎಂದಾಗ ಮನೆಗೆ ಹೋಗಿ ಪದ್ದುವಿಗೆ, ನಿನ್ನ ತೋಳಿನ ಮೇಲಿರುವ ಮೈಲಿ ಹಾಕಿಸಿದ ಕಲೆ ದನದ್ದು ಎಂದು ಹೇಳಿ ಬೈಸಿಕೊಂಡನಂತೆ. ಕಾಯಿಲೆಯ ಮಾತುಗಳೆಂದರೆ ಅವನಿಗೆ ಇಷ್ಟ. ಅವಕ್ಕೆಲ್ಲ ದೂರದ ಊರು ಎನ್ನುತ್ತಿದ್ದ.

ಇನ್ನೊಂದು ವಿಷಯ ಹೇಳಬೇಕು. ಈ ಹದಿನಾಲ್ಕು ವರ್ಷದಲ್ಲಿ ನಾನು ಅವನ ಮನೆಗೆ ಹತ್ತಾರು ಸಲ ಹೋಗಿದ್ದೇನೆ. ಒಂದು ಸಲವೂ ಆ ಮನೆಯ ನೀರು ಕುಡಿದಿಲ್ಲ. ನಮ್ಮವರು ಅವರ ಮನೆಯಲ್ಲಿ ನೀರು ಕುಡಿಯುವುದಿಲ್ಲ, ಅವರು ಕೊಡುವುದೂ ಇಲ್ಲ. ನಾನು ಹೋದರೆ ಪದ್ದು ಒಂದು ಎಳನೀರು ಕೆತ್ತಿಸಿ ಜಗಲಿಯ ಮೇಲೆ ಇಡುತ್ತಿದ್ದಳು. ಕಾಯಿಯೊಳಗಿನ ನೀರಿಗೆ ಜಾತಿಯಿಲ್ಲ. ನಾನು ಅದನ್ನು ಯೋಚಿಸಿದ್ದೇ ಇಲ್ಲ. ಮುತ್ತ ಯೋಚಿಸಿದ್ದ. ಒಮ್ಮೆ ಗಾಳಿಗೆ ತೆರೆ ಎದ್ದು ನಾನು ಪೂರ್ತಿ ತೊಯ್ದುಹೋದಾಗ ಹುಟ್ಟು ಹಾಕುತ್ತಲೇ ಅಂದ:

"ಹೊಳಿ ನೀರ್ ಮೈಗ್ ಬಿದ್ರೆ ಅಡ್ಡಿಲ್ಲ, ನಮ್ ಕೊಡಪಾನದ್ ಆತಿಲ್ಲ. ಎರಡೂ ಒಂದೇ ಮೋಡದ್ ಅಲ್ದಾ ಮಾಷ್ಟ್ರೇ?"

ನಾನು ನಕ್ಕೆ. ಅವನೂ ನಕ್ಕ. ಮಾತು ಅಲ್ಲಿಗೆ ಮುಗಿಯಿತು.

ಕಡವಿನಲ್ಲಿ ಒಂದು ಬಿಳಿ ನಾಯಿ ಇತ್ತು. ಬೊಳ್ಳ ಎಂದು ಕರೆಯುತ್ತಿದ್ದರು, ಎಡಗಿವಿ ಹರಿದಿತ್ತು. ಮಗುಚಿ ಹಾಕಿದ ದೋಣಿಗಳ ಅಡಿಯಲ್ಲಿ ಮಲಗಿ, ಮುತ್ತ ಹಾಕುವ ಮೀನಿನ ತಲೆ ತಿಂದು ಬದುಕಿದ್ದ ನಾಯಿ. ಈ ವರ್ಷ, ನಲವತ್ನಾಲ್ಕರ ಜನವರಿಯಲ್ಲಿ, ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ಸಂಜೆ ನಾನು ಶಾಲೆಯಿಂದ ಬಂದು ದೋಣಿ ಇಳಿಯುವಾಗ ಬೊಳ್ಳ ದಡದಲ್ಲಿ ಬಾಯಿ ತೆರೆದುಕೊಂಡೇ ನಿಂತಿತ್ತು. ಕೆಳದವಡೆ ಜೋತುಬಿದ್ದಿತ್ತು. ಜೊಲ್ಲು ಸುರಿಯುತ್ತಿತ್ತು. ಬೊಗಳಲು ಹೋದರೆ ಗಂಟಲಿನಲ್ಲಿ ಏನೋ ಒರಲಿದಂತೆ ಸದ್ದು.

ಗಂಗೊಳ್ಳಿಯಲ್ಲಿ ಬಾಯಿ ಮುಚ್ಚಲಾರದ ನಾಯಿ ಎಂದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ನಾಯಿ. ಅಲ್ಲಿಯ ಮಕ್ಕಳಿಗೂ ಅದು ಗೊತ್ತು. ತಿಂಗಳಿಗೊಮ್ಮೆಯಾದರೂ ಒಂದಕ್ಕೆ ಹಾಗಾಗುತ್ತದೆ. ದವಡೆಯ ನಡುವೆ ಅಡ್ಡ ಒಂದು ಕೋಲು ಕೊಟ್ಟು, ಎರಡು ಬೆರಳು ಒಳಗೆ ಹಾಕಿ, ಮುಳ್ಳನ್ನು ಮುರಿದು ತೆಗೆಯುತ್ತಾರೆ. ಮುತ್ತ ಅದರಲ್ಲಿ ಪಳಗಿದವನು. ಘಟ್ಟದ ಮೇಲಿನ ಯಾವ ಊರಿನಲ್ಲಾದರೂ ಅಂಥ ನಾಯಿಯನ್ನು ಕಂಡರೆ ಜನ ದೂರ ಓಡುತ್ತಿದ್ದರು. ನಾವು ಹತ್ತಿರ ಹೋದೆವು.

"ಮುಳ್ಳ್ ಸಿಕ್ಕಿ ಬಿದ್ದಿತ್ತ್. ಈ ಕೋಲ್ ಹಿಡ್ಕಣಿ ಕಾಂಬ, ಮಾಷ್ಟ್ರೇ," ಎಂದ.

ನಾನು ಕೋಲು ಹಿಡಿದೆ. ಅವನು ಬಲಗೈಯನ್ನು ಮಣಿಕಟ್ಟಿನವರೆಗೂ ಆ ಬಾಯೊಳಗೆ ಹಾಕಿ ಹುಡುಕಿದ. ನಾಯಿ ಒದ್ದಾಡಲೂ ಇಲ್ಲ. ಅವನ ಮುಖವನ್ನೇ ನೋಡುತ್ತಿತ್ತು. ಮುಳ್ಳು ಸಿಗಲಿಲ್ಲ, ತಾನಾಗಿ ಒಳಗೆ ಹೋಗಿರಬೇಕು ಎಂದು ಕೈ ತೆಗೆದ. ಹೆಬ್ಬೆರಳಿನ ಬುಡದಲ್ಲಿ ಹಲ್ಲು ಗೀರಿ ಎರಡು ಹನಿ ರಕ್ತ ಬಂದಿತ್ತು. ಹೊಳೆಯಲ್ಲಿ ತೊಳೆದುಕೊಂಡ. ಮರುದಿನದಿಂದ ಬೊಳ್ಳ ಕಾಣಲಿಲ್ಲ.

ಸುಮಾರು ಎರಡು ವಾರ ಕಳೆಯಿತು. ಶಾಲೆಯ ಕಪಾಟಿನಲ್ಲಿ ಮನೆವೈದ್ಯದ ಒಂದು ಇಂಗ್ಲಿಷ್ ಪುಸ್ತಕವಿದೆ. ಜೊತೆಯ ಮೇಷ್ಟರೊಬ್ಬರ ಮಗುವಿಗೆ ಕೆಮ್ಮು ಎಂದು ಅದನ್ನು ತೆಗೆದು ತಿರುವುತ್ತಿದ್ದವನಿಗೆ ಹುಚ್ಚುನಾಯಿಯ ಅಧ್ಯಾಯ ಕಣ್ಣಿಗೆ ಬಿತ್ತು. ಎಲ್ಲ ಹುಚ್ಚುನಾಯಿಗಳೂ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ, ಕೆಲವು ಮಂಕಾಗಿ ದವಡೆ ಜೋತುಬಿದ್ದು ನಿಲ್ಲುತ್ತವೆ, ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಕೈ ಹಾಕಬೇಡಿ, ಎಂದು ಅಲ್ಲಿ ಬರೆದಿತ್ತು. ನಾನು ಆ ಸಾಲನ್ನು ನಿಂತೇ ಓದಿದೆ. ಮತ್ತೆ ಕುಳಿತು ಓದಿದೆ.

ಆ ದಿನವೇ ಮುತ್ತನನ್ನು ಕುಂದಾಪುರದಲ್ಲಿ ನನಗೆ ಪರಿಚಯದ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಕಚ್ಚಿದ್ದಲ್ಲ, ಹಲ್ಲು ತಾಗಿದ್ದು ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ಡಾಕ್ಟರು ಗಾಯ ನೋಡಿದರು. ಅದು ಮಾಗಿ ಬಿಳಿ ಗೆರೆಯಾಗಿತ್ತು. ಮಂಗಳೂರಿಗೆ ಹೋಗಿ ಹದಿನಾಲ್ಕು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಬೇಕು, ಈಗಾಗಲೇ ತಡವಾಗಿದೆ, ನಾಳೆಯೇ ಹೊರಡಿ ಎಂದರು. ಕಚ್ಚಿದ ಹತ್ತು ದಿನದ ಮೇಲೂ ನಾಯಿ ಬದುಕಿದ್ದರೆ ಮಾತ್ರ ಹೆದರಬೇಕಾಗಿಲ್ಲ ಎಂದೂ ಸೇರಿಸಿದರು.

ಮುತ್ತ ಹಟ ಮಾಡಲಿಲ್ಲ. ಇದನ್ನು ನಾನು ಒತ್ತಿ ಬರೆಯುತ್ತೇನೆ. ಅವನು ಹೊರಟಿದ್ದ. ಪದ್ದು ಅವಲಕ್ಕಿ, ಒಂದು ಪಂಚೆ, ಒಂದು ಕಂಬಳಿ ಗಂಟು ಕಟ್ಟಿದ್ದಳು. ಬೆಳಗಿನ ಇದ್ದಿಲು ಗ್ಯಾಸಿನ ಬಸ್ಸಿಗೆ ನಾನೇ ಜೊತೆಗೆ ಹೋಗುವುದೆಂದು ರಜೆ ಬರೆದುಕೊಟ್ಟಿದ್ದೆ. ಕಡವಿಗೆ ಇಳಿದಾಗ ಅಳಿವೆಯ ಆಚೆ ಕೋಡಿಯಲ್ಲಿ ಬಲೆ ಬಿಡುವ ಕುಷ್ಟ ಎದುರಾದ. ಗಂಟು ನೋಡಿ ಎಲ್ಲಿಗೆ ಎಂದು ಕೇಳಿದ. ಹೇಳಿದೆವು. ಅವನು ಜೋರಾಗಿ ನಕ್ಕುಬಿಟ್ಟ. ಬೊಳ್ಳ ಸತ್ತದ್ದು ಯಾರು ಹೇಳಿದ್ದು, ನಿನ್ನೆ ಸಂಜೆ ಕೋಡಿಯ ಮೀನು ಒಣಗಿಸುವ ಚಪ್ಪರದ ಹತ್ತಿರ ನಾನೇ ಕಂಡಿದ್ದೇನೆ, ಹರಿದ ಕಿವಿ ಸಮೇತ, ಎಂದ.

ಮುತ್ತ ನನ್ನ ಮುಖ ನೋಡಿದ. ಡಾಕ್ಟರು ಹೇಳಿದ ಹತ್ತು ದಿನದ ಮಾತು ಇಬ್ಬರ ತಲೆಯಲ್ಲೂ ಇತ್ತು. ಕೋಡಿ ಕಣ್ಣಿಗೆ ಕಾಣುವ ಜಾಗ. ದೋಣಿ ತಿರುಗಿಸಿದರೆ ಅರ್ಧ ಗಂಟೆಯಲ್ಲಿ ಹೋಗಿ ನೋಡಿ ಬರಬಹುದಿತ್ತು. ನೋಡಬೇಕು ಎಂದು ನನಗೆ ಅನ್ನಿಸಲೇ ಇಲ್ಲ. ಬೊಳ್ಳ ಬದುಕಿರಬೇಕು ಎಂದು ಅಷ್ಟು ಆಸೆಯಾಗಿತ್ತು. ಹಾಗಾದರೆ ಬೇಡ ಎಂದವನು ನಾನು. ಕಡವಿನವರೆಗೆ ಕಳಿಸಲು ಬಂದಿದ್ದ ಪದ್ದು ಗಂಟು ಬಿಚ್ಚಿ ಅವಲಕ್ಕಿಗೆ ಬೆಲ್ಲ ಕಲಸಿ ಕುಷ್ಟನಿಗೂ ಕೊಟ್ಟಳು.

ಮಾರ್ಚ್ ಮೊದಲ ವಾರದಲ್ಲಿ ಮುತ್ತ ಬಲಗೈ ಜುಂ ಎನ್ನುತ್ತದೆ, ಹೆಬ್ಬೆರಳಿನ ಬುಡದಿಂದ ಇರುವೆ ಹರಿದ ಹಾಗೆ ಆಗುತ್ತದೆ ಎಂದ. ಹುಟ್ಟು ಹಾಕಿದ್ದು ಹೆಚ್ಚಾಯಿತೇನೋ ಎಂದು ಎಣ್ಣೆ ತಿಕ್ಕಿಸಿಕೊಂಡ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ಬೆಳಿಗ್ಗೆ ಎಂದಿನಂತೆ ನಾನು ಮೊದಲ ದೋಣಿಗೆ ಬಂದೆ. ಮೀನಿನ ಬುಟ್ಟಿಯ ಹೆಂಗಸರು ನಾಲ್ವರು, ಕೋರ್ಟಿಗೆ ಹೋಗುವ ಇಬ್ಬರು, ಒಬ್ಬ ದರ್ಜಿ ಆಗಲೇ ಕುಳಿತಿದ್ದರು. ಮುತ್ತ ಮೊಣಕಾಲುದ್ದ ನೀರಿಗಿಳಿದು ಬೊಗಸೆ ಎತ್ತಿದ. ಬೊಗಸೆ ಮುಖದ ಹತ್ತಿರ ಬರುವಷ್ಟರಲ್ಲಿ ಅವನ ಕತ್ತಿನ ನರಗಳೆಲ್ಲ ಒಮ್ಮೆಗೇ ಬಿಗಿದವು. ತಲೆ ಹಿಂದಕ್ಕೆ ಎಳೆಯಿತು. ಯಾರೋ ಹಿಂದಿನಿಂದ ಗಂಟಲು ಹಿಸುಕಿದ ಹಾಗೆ ಒಂದು ಸದ್ದು ಬಂತು. ನೀರು ಕೈಯಿಂದ ಸುರಿದುಹೋಯಿತು.

ಮತ್ತೊಮ್ಮೆ ಎತ್ತಿದ. ಮತ್ತೆ ಹಾಗೆಯೇ.

ಬುಟ್ಟಿಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದ ಅಮ್ಮಣಿ ಎಂಬಾಕೆ ನನ್ನ ಕಡೆ ಕಣ್ಣು ಹಾಯಿಸಿ ಅಂದಳು: "ಎಂತ ಮುತ್ತಣ್ಣ, ಮಾಷ್ಟ್ರ ಸಂಗ್ತಿಗೆ ಇದ್ದ್ ಇದ್ದ್ ನಿಂಗೂ ಮಡಿ ಹಿಡೀತಾ? ಹೊಳಿ ನೀರ್ ಆತಿಲ್ಯಾ?"

ಎಲ್ಲರೂ ನಕ್ಕರು. ಮುತ್ತನೂ ನಗಲು ನೋಡಿದ. ನಾನು ನಗಲಿಲ್ಲ. ಶಾಲೆಯ ಕಪಾಟಿನ ಆ ಪುಸ್ತಕದಲ್ಲಿ ಮುಂದಿನ ಪುಟವೂ ಇತ್ತು. ಅದನ್ನೂ ನಾನು ಓದಿದ್ದೆ. ಇದು ಶುರುವಾದ ಮೇಲೆ ಮದ್ದಿಲ್ಲ ಎಂದು ಅದರಲ್ಲಿ ಒಂದೇ ಸಾಲಿನಲ್ಲಿ ಬರೆದಿತ್ತು.

ಡಾಕ್ಟರು ಇದ್ದದ್ದು ಹೊಳೆಯಾಚೆ. ಆ ಹೊತ್ತಿಗೆ ಕಡವಿನಲ್ಲಿದ್ದದ್ದು ಒಂದೇ ದೋಣಿ. ನನಗೆ ಹುಟ್ಟು ಹಾಕಲು ಬರುವುದಿಲ್ಲ. ಮುತ್ತನನ್ನು ಡಾಕ್ಟರ ಬಳಿಗೆ ದಾಟಿಸಬೇಕಾದರೆ ಮುತ್ತನೇ ದಾಟಿಸಬೇಕಿತ್ತು. ಅವನು ಹತ್ತಿ ಹುಟ್ಟು ಹಿಡಿದ. ಗಾಳಿ ಮುಖಕ್ಕೆ ಬಡಿದಾಗಲೆಲ್ಲ ಗಂಟಲು ಹಿಡಿಯುತ್ತಿತ್ತು, ಅದಕ್ಕೆ ಹೆಗಲ ಮೇಲಿನ ಬೈರಾಸನ್ನು ಮೂಗು ಬಾಯಿಗೆ ಸುತ್ತಿಕೊಂಡ. ನೀರು ನೋಡಿದರೆ ಆಗುವುದಿಲ್ಲವೆಂದು ಅವನಿಗೆ ನಾಲ್ಕು ಹುಟ್ಟಿನಲ್ಲೇ ಗೊತ್ತಾಯಿತು. ತಲೆ ಮೇಲೆತ್ತಿ ಆಚೆ ದಡದ ತೆಂಗಿನ ತಲೆಗಳನ್ನೂ ಆಕಾಶವನ್ನೂ ನೋಡುತ್ತ, ಒಂದು ಸಲವೂ ಕೆಳಗೆ ನೋಡದೆ, ಎಂಟು ಜನರನ್ನು ದಾಟಿಸಿದ. ನೀರಿನ ರುಚಿ ನೋಡದೆ ಅವನು ದೋಣಿ ಬಿಟ್ಟದ್ದು ಅದೊಂದೇ ದಿನ. ಆದರೂ ದೋಣಿ ನೇರವಾಗಿ ಕಟ್ಟೆಗೇ ಹೋಗಿ ತಾಗಿತು. ಆ ದಿನ ಅವನು ಯಾರ ಊರನ್ನೂ ಕೇಳಲಿಲ್ಲ.

ಡಾಕ್ಟರು ಒಂದು ಲೋಟ ನೀರು ತರಿಸಿ ಅವನ ಎದುರು ಹಿಡಿದರು. ಆಮೇಲೆ ಒಂದು ಕಾಗದದಿಂದ ಅವನ ಮುಖಕ್ಕೆ ಗಾಳಿ ಬೀಸಿದರು. ಅಷ್ಟು ಸಾಕಾಯಿತು. ನನ್ನ ಕಡೆ ತಿರುಗಿ, ಅವನಿಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ, ಹೈಡ್ರೊಫೋಬಿಯ, ಎರಡು ಮೂರು ದಿನ, ಮನೆಯಲ್ಲೇ ಇರಲಿ ಎಂದರು. ನಿದ್ದೆಗೆ ಒಂದು ಔಷಧಿ ಕೊಟ್ಟರು. ಅದನ್ನು ನುಂಗಿಸುವುದು ಹೇಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತಾಗ ಮುತ್ತ ಕೇಳಿದ: "ಡಾಕ್ಟ್ರ್ ಒಂದ್ ಮಾತ್ ಹೇಳಿದ್ರಲ್ಲ. ಅದ್ರ ಊರ್ ಯಾವ್ದ್ ಮಾಷ್ಟ್ರೇ?"

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹುಡುಕಿ ನಾಳೆ ಹೇಳುತ್ತೇನೆ ಎಂದೆ. ಅವನು ಅಡ್ಡಿಲ್ಲ ಎಂದ. ಆಮೇಲೆ ತನ್ನ ಜೊಲ್ಲು ಯಾರಿಗೂ ತಾಗಬಾರದಲ್ಲವೇ ಎಂದು ಕೇಳಿದ. ಹೌದು ಎಂದೆ. ಅವನು ನನ್ನಿಂದ ಎರಡು ಮೊಳ ಸರಿದು ಕುಳಿತ.

ವಾಪಸು ಕರೆತಂದದ್ದು ಕುಷ್ಟನ ದೋಣಿಯಲ್ಲಿ. ಮುತ್ತನನ್ನು ದೋಣಿಯ ತಳದಲ್ಲಿ ಮಲಗಿಸಿ, ನೀರು ಕಾಣದ ಹಾಗೆ ಮೇಲೆ ಹಳೆಯ ಹಾಯಿಬಟ್ಟೆ ಮುಚ್ಚಿದೆವು. ನೀರು ಹಲಗೆಗೆ ಬಡಿಯುವ ಸದ್ದನ್ನು ಮುಚ್ಚಲಾಗಲಿಲ್ಲ. ಒಂದೊಂದು ಸಲ ಬಡಿದಾಗಲೂ ಹಾಯಿಬಟ್ಟೆ ಅದುರುತ್ತಿತ್ತು.  ದಡ ಸೇರಿದ ಮೇಲೆ ಕುಷ್ಟ ನನ್ನನ್ನು ಆಚೆ ಕರೆದು, ತನ್ನ ಕಿವಿ ಮುಟ್ಟಿ ತೋರಿಸಿ ಹೇಳಿದ: "ಕೆಮಿ ಹರ್ದದ್ ಕಂಡದ್ ಹೌದ್ ಮಾಷ್ಟ್ರೇ. ಯಾವ್ ಬದಿ ಕೆಮಿ ಅಂದ್ ನಾನ್ ಕಾಣ್ಲಿಲ್ಲ."

ಬೊಳ್ಳನ ಎಲುಬು ಆಮೇಲೆ ಕಡವಿನ ಬದಿಯ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಬೇರಿನ ನಡುವೆ ಸಿಕ್ಕಿತು.

ಮನೆಯಲ್ಲಿ ಕಿಟಕಿಗೆ ಗೋಣಿ ಹೊಡೆದರು, ಬಾಗಿಲಿಗೆ ಚಾಪೆ ಕಟ್ಟಿದರು. ಪಕ್ಕದ ಬಾವಿಯ ರಾಟೆಯ ಸದ್ದಿಗೂ ಅವನ ಗಂಟಲು ಹಿಡಿಯುತ್ತದೆಂದು ಗೊತ್ತಾದಾಗ, ಕೇರಿಯ ಹೆಂಗಸರು ಯಾರೂ ಹೇಳದೆಯೇ ಆ ಬಾವಿಗೆ ಬರುವುದನ್ನು ಬಿಟ್ಟರು. ಮೂರು ದಿನ ಅಷ್ಟು ದೂರದ ದೇವಸ್ಥಾನದ ಬಳಿಯ ಬಾವಿಯಿಂದ ಹೊತ್ತರು. ಕೇರಿಗೆ ಕೇರಿಯೇ ನೀರಿನ ಸದ್ದಿಲ್ಲದೆ ಇತ್ತು. ಆಚೆ ಬದಿಯ ಕಡಲಿಗೆ ಮಾತ್ರ ಯಾರೂ ಏನೂ ಹೇಳುವ ಹಾಗಿರಲಿಲ್ಲ.

ಆ ಸಂಜೆ ನಾನು ಶಬ್ದಕೋಶ ತೆರೆದೆ. ಬೇರೆ ಏನು ಮಾಡಲೂ ನನಗೆ ತಿಳಿಯದು. ಹೈಡ್ರೊಫೋಬಿಯ ಗ್ರೀಕರ ಮಾತು. ಹುಡೋರ್ ಎಂದರೆ ನೀರು, ಫೋಬೋಸ್ ಎಂದರೆ ಭಯ. ಆ ಫೋಬೋಸ್‌ಗೆ ಇನ್ನೂ ಹಿಂದೆ, ಭಯ ಎಂಬ ಅರ್ಥ ಬರುವ ಮುಂಚೆ, ಓಟ ಎಂದು ಅರ್ಥವಿತ್ತಂತೆ. ಯುದ್ಧದಲ್ಲಿ ಬೆನ್ನು ತೋರಿಸಿ ಓಡುವುದು. ಹುಡೋರ್ ನಮ್ಮ ಉದಕದ ಬಳಗ. ಸಮುದ್ರ ಎಂಬ ಮಾತಿನೊಳಗಿರುವ ಉದ್ರವೂ ಅದೇ ಮನೆಯದು. ಇದೇ ಕಾಯಿಲೆಗೆ ಲ್ಯಾಟಿನ್ನಿನಿಂದ ಬಂದ ಇನ್ನೊಂದು ಹೆಸರು ರೇಬೀಸ್. ಕೆರಳುವುದು, ಹುಚ್ಚೇಳುವುದು ಎಂದು ಅದರ ಮೂಲ. ಸಂಸ್ಕೃತದ ರಭಸಕ್ಕೆ ಅದು ದಾಯಾದಿ ಇರಬಹುದೆಂದು ಅನುಮಾನದ ಗುರುತು ಹಾಕಿ ಬರೆದಿದ್ದರು. ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಲ್ಲಿ ದೋಣಿ ತಿರುಗಿಸುವಾಗ ಮುತ್ತ ದಿನಾ ಹೇಳುತ್ತಿದ್ದ ಮಾತು ಅದು, ಇವತ್ತು ರಭಸ ಜಾಸ್ತಿ, ಗಟ್ಟಿ ಹಿಡಿದು ಕುಳಿತುಕೊಳ್ಳಿ ಎಂದು. ಬೇರೆ ದಿನವಾಗಿದ್ದರೆ ಇದಿಷ್ಟನ್ನು ಅವನಿಗೆ ಹೇಳಲು ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ. ದೂರದ ಊರಿನವೆಂದು ಅವನು ತಿಳಿದ ಮಾತುಗಳು ಅವನ ಬಾಯಲ್ಲೇ ಇದ್ದವು.

ಮರುದಿನ ಇನ್ನಷ್ಟು ಔಷಧಿಗೆಂದು ಕುಂದಾಪುರಕ್ಕೆ ಹೋದೆ. ಕಟ್ಟೆಯ ಹತ್ತಿರದ ಹೋಟೆಲಿನಲ್ಲಿ ನಾಲ್ಕು ಜನ ಸುತ್ತುವರಿದು ಮುತ್ತನಿಗೆ ಏನು ಕಾಯಿಲೆ ಎಂದು ಕೇಳಿದರು. ಹೆಸರು ಹೇಳಿದೆ. ಅಂದರೆ ಏನು ಎಂದರು. ಮೇಷ್ಟರ ಬಾಯಿ, ಕೇಳಿದರೆ ಹೇಳದೆ ಇರದು. ಗ್ರೀಕ್ ಮಾತು, ನೀರಿನ ಭಯ ಎಂದು ಅರ್ಥ ಎಂದೆ. ಸ್ನೇಹಿತನಿಗೆ ಹೇಳದೆ ಬಚ್ಚಿಟ್ಟದ್ದನ್ನು ಚಹಾ ಕುಡಿಯುವವರಿಗೆ ಹೇಳಿ ಎದ್ದುಬಂದೆ. ಸಂಜೆಯ ದೋಣಿಯಲ್ಲಿ ನಾನು ಗಂಗೊಳ್ಳಿಗೆ ಮರಳುವ ಮುಂಚೆಯೇ ಆ ಮಾತು ದಾಟಿ ಬಂದಿತ್ತು. ಮುತ್ತನ ಜಗಲಿಯಲ್ಲಿ ಕುಳಿತಿದ್ದ ಯಾರೋ ಅದನ್ನು ಪಿಸುಗುಟ್ಟಿದರು. ಒಳಗೆ ಅವನಿಗೆ ಕೇಳಿಸಿತು.

ಚಾಪೆ ಸರಿಸಿ ಒಳಗೆ ಹೋದೆ. ಈ ಕಾಯಿಲೆಯಲ್ಲಿ ನಡುನಡುವೆ ಬುದ್ಧಿ ಪೂರ್ತಿ ತಿಳಿಯಾಗಿರುತ್ತದೆ. ಅದೇ ಅದರ ಕ್ರೌರ್ಯ. ತುಟಿ ಒಡೆದು ಕರಿಯಾಗಿತ್ತು. ಎರಡು ದಿನದಿಂದ ಒಂದು ಹನಿ ಒಳಗೆ ಹೋಗಿರಲಿಲ್ಲ. ಹತ್ತಿರ ಬರಬೇಡಿ ಎಂದು ಕೈಸನ್ನೆ ಮಾಡಿದ. ಆಮೇಲೆ ನಿಲ್ಲಿಸಿ ನಿಲ್ಲಿಸಿ ಹೇಳಿದ:

"ಹೆದ್ರಿಕಿ ಅಲ್ಲ ಮಾಷ್ಟ್ರೇ. ನಂಗೆ ನೀರ್ ಬೇಕ್. ಹೊಳಿ ಇಡೀ ಕುಡಿವಷ್ಟ್ ಬೇಕ್. ಈ ಗಂಟ್ಲ್ ಬ್ಯಾಡ ಅಂತ್."

 ಆ ಹೆಸರಿಟ್ಟ ಗ್ರೀಕ ಯಾರೋ, ಅವನು ರೋಗಿಯ ಬಾಗಿಲ ಹೊರಗೆ ನಿಂತು ನೋಡಿದವನು. ಒಳಗಿದ್ದವನನ್ನು ಕೇಳಿದ್ದರೆ ಬಾಯಾರಿಕೆ ಎಂದೇ ಹೆಸರಿಡುತ್ತಿದ್ದ.

ಮೂರನೆಯ ದಿನ ಸುಗುಣ ನಾವುಂದದಿಂದ ಬಂದಳು. ಅಪ್ಪ ಅವಳ ಗುರುತು ಹಿಡಿದ, ಹತ್ತಿರ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿರಿಯರು ಇನ್ನು ಹೆಚ್ಚು ಹೊತ್ತಿಲ್ಲ ಎಂದರು. ಹೋಗುವ ಜೀವದ ಬಾಯಿಗೆ ನೀರು ಬಿಡಬೇಕು. ಅದೊಂದು ಆಗದೆ ಹೋದರೆ ಜೀವ ಬಾಯಾರಿಕೊಂಡೇ ಅಲೆಯುತ್ತದೆ ಎಂದು ನಂಬಿದವರು ನಾವೆಲ್ಲ. ಪದ್ದು ತುಳಸಿ ಹಾಕಿದ ನೀರನ್ನು ಒಂದು ಪುಟ್ಟ ಚಮಚದಲ್ಲಿ ಹಿಡಿದು ಹತ್ತಿರ ಹೋದಳು. ಅವಳ ಕೈಯಲ್ಲಿ ಏನಿದೆಯೆಂದು ಕಂಡೊಡನೆ ಅವನ ಮೈ ಬಿಲ್ಲಿನ ಹಾಗೆ ಬಾಗಿತು. ಅವಳು ಹಿಂದೆ ಸರಿದಳು. ಕೈ ಬೆನ್ನ ಹಿಂದೆ ಮುಚ್ಚಿಕೊಂಡು ಮತ್ತೆ ಹೋದಳು. ಮತ್ತೆ ಹಾಗೆಯೇ ಆಯಿತು. ಕೊಟ್ಟರೆ ಹಿಂಸೆ, ಕೊಡದಿದ್ದರೆ ಪಾಪ. ಏನು ಮಾಡಲಿ ಎಂದು ಅವಳು ನನ್ನನ್ನು ನೋಡಿದಳು. ಇಷ್ಟೊಂದು ಓದಿದ ಮೇಷ್ಟರಲ್ಲವೇ. ನಾನು ನೆಲ ನೋಡಿದೆ.

ಬಿಸಿಲು ಇಳಿಯುವ ಮುಂಚೆ ಅವನು ಹೋದ. ಮೈ ಸಡಿಲವಾಗಿ, ಕತ್ತಿನ ನರಗಳೆಲ್ಲ ಕೆಳಗಿಳಿದು, ಮುಖ ಮೊದಲಿನ ಹಾಗೆ ಆಯಿತು. ಪದ್ದು ಹತ್ತಿರ ಕುಳಿತು, ತುಟಿ ಬಿಡಿಸಿ, ಚಮಚದ ನೀರನ್ನು ನಿಧಾನವಾಗಿ ಒಳಗೆ ಬಿಟ್ಟಳು. ಇನ್ನೊಂದು ಚಮಚ ಬಿಟ್ಟಳು. ಮತ್ತೊಂದು. ನೀರು ಕೆನ್ನೆಯ ಮೇಲಿಂದ ಚಾಪೆಗೆ ಇಳಿಯಿತು.

"ಈಗ್ ಬ್ಯಾಡ ಅಂಬುದಿಲ್ಲ, ಕಾಣಿ," ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಅವನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಜನ ಚದುರಿದ ಮೇಲೆ ನಾನು ಆ ಮನೆಗೆ ಹೋದೆ. ಕಡವಿನ ಮಾತು ಪದ್ದುವಿನ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಎತ್ತಲಿಲ್ಲ. ನಾನೇ ಎತ್ತಿ, ಆ ಮಾತು ನನ್ನದು, ಅದು ಸುಳ್ಳು, ನಿನ್ನ ಗಂಡ ನೀರಿಗೆ ಹೆದರಿದವನಲ್ಲ ಎಂದೆ. ತನಗೆ ಗೊತ್ತು ಎಂದಳು. ಅಷ್ಟೇ. ಆಮೇಲೆ ಎಳನೀರು ಕೆತ್ತಲು ಯಾರನ್ನಾದರೂ ಕರೆಯಲು ಎದ್ದಳು.

ಎಳನೀರು ಬೇಡ, ಒಂದು ಚೆಂಬು ನೀರು ಕೊಡು ಎಂದೆ. ಒಳಗೆ ಅಡ್ಡಗೋಡೆಯ ಹತ್ತಿರ ಕೊಡಪಾನ ಕಾಣುತ್ತಿತ್ತು. ಹೊಸದಾಗಿ ತುಂಬಿದ್ದು, ಹೊರಮೈಯೆಲ್ಲ ತೇವ. ಪದ್ದು ಅದನ್ನೊಮ್ಮೆ ತಿರುಗಿ ನೋಡಿದಳು, ನನ್ನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ.

"ಅವ್ರ್ ಇಪ್ಪೊತ್ತಿಗೆ ನೀವ್ ಕುಡೀಲಿಲ್ಲ. ಈಗ್ ಎಂತಕೆ ಮಾಷ್ಟ್ರೇ," ಎಂದು ಹೊರಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ಕೆತ್ತಿದ ಎಳನೀರು ಬಂತು. ಎಂದಿನ ಹಾಗೆ ಅದನ್ನು ಜಗಲಿಯ ಮೇಲೆ ಇಟ್ಟು ದೂರ ನಿಂತಳು. ನಾನು ಎತ್ತಿ ಕುಡಿದೆ.